ದೇವರೆತ್ತುಗಳ ಹಿಂದೆ ಐದು ಬೇಸಿಗೆ

ಚಳ್ಳಕೆರೆ ಸೀಮೆಯಲ್ಲಿ ದನ ಸಾಕುವ ನಮ್ಮ ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರೆತ್ತು ಕಾಯುವವನಿಗೆ ಕಿಲಾರಿ ಅಂತಾರೆ. ನಮ್ಮ ಸೋದರಮಾವ ಕಿಲಾರಿ. ಅವರಿಗೆ ಮಂಡಿನೋವು ಶುರುವಾದಾಗ, 2012ರಿಂದ ಐದು ಬೇಸಿಗೆ ನಾನು ಅವರ ಜೊತೆ ಕೋಲು ಹಿಡಿದು ನಡೆದೆ.

ಈ ದನಗಳು ದೇವರಿಗೆ ಬಿಟ್ಟವು. ಇವುಗಳಿಗೆ ನೊಗ ಹೂಡುವುದಿಲ್ಲ, ಸತ್ತರೆ ಮಣ್ಣು ಮಾಡುತ್ತೇವೆ. ಮುಳ್ಳುಬೇಲಿಯ ರೊಪ್ಪದೊಳಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ದನ ಕಾದ ವೀರ ಗಾದ್ರಿಪಾಲನಾಯಕನ ಪದಗಳನ್ನು ನಾನು ಪೂರ್ತಿ ಕೇಳಿದ್ದು ರೊಪ್ಪದ ಬಾಗಿಲಲ್ಲಿ ಮಲಗಿದ ರಾತ್ರಿಗಳಲ್ಲೇ.

ಮೊದಲ ದಿನ ಹಿಂಡನ್ನು ಹಿಂದಿನಿಂದ ಅಟ್ಟಿದೆ. ಮಾವ ಕೋಲು ಕಿತ್ತುಕೊಂಡರು. "ಮುಂದಿನ ಹಸು ನೋಡು, ಉಳಿದವು ತಾವೇ ಬರ್ತಾವೆ" ಅಂದರು. ಆ ಕೆಂದ ಹಸು ತಲೆ ಎತ್ತಿದರೆ ಹಿಂಡೆಲ್ಲ ನಿಲ್ಲುತ್ತಿತ್ತು. ಅದರ ಕಿವಿ ಓದುವುದನ್ನು ಕಲಿಯಲು ನನಗೆ ಒಂದು ಬೇಸಿಗೆ ಪೂರಾ ಬೇಕಾಯಿತು. ಕುಂಟುವ ಎತ್ತಿನ ಗೊರಸಿನ ಸಂದಿಯಿಂದ ಜಾಲಿಮುಳ್ಳು ತೆಗೆಯುವುದು ಬೇಗ ಬಂತು. ಉಡಿದಾರಕ್ಕೆ ಕಟ್ಟಿದ ಚಿಮಟ, ಮೇಲೆ ಒಂದಿಷ್ಟು ಹೊಂಗೆಎಣ್ಣೆ, ಅಷ್ಟೇ.

2016ರ ಬರ ಮಾತ್ರ ಮರೆಯಲಾರೆ. ಮೊದಲೇ ಮಳೆ ಕಡಿಮೆಯಾದ ಸೀಮೆ ನಮ್ಮದು. ಆ ವರ್ಷ ಕರಡದ ಹುಲ್ಲಿನ ಬುಡವೂ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕಮರದ ಮರ ಹತ್ತಿ ಸೊಪ್ಪು ಕಡಿದು ಹಾಕಿದೆವು. ಎಳೆ ತುದಿ ಬಿಟ್ಟು ಪಕ್ಕದ ಕೊಂಬೆಗಳನ್ನಷ್ಟೇ ಕಡಿಯುತ್ತಿದ್ದೆವು. ಕೆಳಗೆ ಬಿದ್ದ ಕೊಂಬೆ ನೆಲ ಮುಟ್ಟುವುದರೊಳಗೆ ಕರುಗಳು ಬಾಯಿ ಹಾಕುತ್ತಿದ್ದವು.

ಕಾವಲು, ಅಂದರೆ ದನ ಮೇಯುವ ಹುಲ್ಲುಗಾವಲು, ಇದ್ದಿದ್ದರೆ ಅಷ್ಟು ಕಷ್ಟ ಬರುತ್ತಿರಲಿಲ್ಲ. ಮೈಸೂರಿನ ಅರಸ ಚಿಕ್ಕದೇವರಾಜ ಒಡೆಯರು ದನಗಳಿಗಾಗಿ ನಡೆಸಿದ ಇಲಾಖೆ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಆ ಹೆಸರಿನ ಕಾವಲುಗಳಲ್ಲಿ ನಮ್ಮ ತಾತಂದಿರೂ ದನ ಮೇಯಿಸಿದರು. 2010ರ ಆಸುಪಾಸಿನಲ್ಲಿ ಅದರಲ್ಲಿ ಸುಮಾರು 10,000 ಎಕರೆ ದೊಡ್ಡ ಸಂಸ್ಥೆಗಳ ಪಾಲಾಯಿತು. ನಮ್ಮ ಹಳೇ ದಾರಿಗೆ ಅಡ್ಡಲಾಗಿ ಗೋಡೆ ಎದ್ದಿತು. ನಮ್ಮನ್ನು ಯಾರೂ ಒಂದು ಮಾತು ಕೇಳಲಿಲ್ಲ. ನನಗೆ ಇಂದಿಗೂ ಅದು ಅನ್ಯಾಯವೇ.

ಗೋಡೆ ಎದ್ದ ಮೇಲೂ ಕೆಂದ ಹಸು ತಿಂಗಳುಗಟ್ಟಲೆ ಅದೇ ದಾರಿ ಹಿಡಿಯಿತು. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಆಚೆಯ ಕಟ್ಟೆಯ ನೀರಿನ ವಾಸನೆ ಹಿಡಿದಂತೆ ನಿಲ್ಲುತ್ತಿತ್ತು. ಹಿಂಡೂ ನಿಲ್ಲುತ್ತಿತ್ತು. ಮಾವ ಆಗ ಅದನ್ನು ಅಟ್ಟುತ್ತಿರಲಿಲ್ಲ. ಅದರ ಬೆನ್ನ ಮೇಲೆ ಕೈಯಿಟ್ಟು, ಅದು ತಾನಾಗಿ ತಿರುಗುವವರೆಗೂ ಕಾಯುತ್ತಿದ್ದರು.