ಗೋಕರ್ಣದ ಕಡಲತೀರಗಳನ್ನು ದಕ್ಷಿಣದಿಂದ ನಡೆಯಿರಿ

ಗೆಳೆಯರೊಬ್ಬರ ಜೊತೆ ಗೋಕರ್ಣದ ಕಡಲತೀರಗಳನ್ನು ನಡೆದೇ ನೋಡುವ ಆಸೆಯಿದ್ದರೆ ನಡಿಗೆಯನ್ನು ಊರಿನಿಂದ ಶುರುಮಾಡಬೇಡಿ. ಬೆಳಿಗ್ಗೆಯೇ ಆಟೋದಲ್ಲಿ ದಕ್ಷಿಣದ ಬೇಲೆಕಾನ್ ಕಡೆಗೆ ಹೋಗಿ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ತೀರಗಳನ್ನು ಒಂದೊಂದಾಗಿ ದಾಟುತ್ತ ಊರಿನತ್ತ ನಡೆದು ಬನ್ನಿ. ಈ ತೀರಗಳ ಬೆನ್ನಿಗೆ ಗುಡ್ಡಗಳಿವೆ. ಹಾಗಾಗಿ ಬೆಳಗಿನ ಹೊತ್ತು ಅಲ್ಲಲ್ಲಿ ನೆರಳು ಸಿಗುತ್ತದೆ. ಬಂಡೆಗಳ ಕಷ್ಟದ ದಾರಿ ಕಾಲಿನಲ್ಲಿ ಕಸುವಿರುವಾಗಲೇ ಮುಗಿಯುತ್ತದೆ. ಸೂರ್ಯಾಸ್ತಕ್ಕೆ ಕುಡ್ಲೆಯಲ್ಲಿದ್ದರೆ ಊರು ಅಲ್ಲಿಂದ ಒಂದೇ ಗುಡ್ಡದಾಚೆ, ಊಟಕ್ಕೂ ಬಸ್ಸಿಗೂ ಪರದಾಟವಿಲ್ಲ. ಬಾಡಿಗೆ ಸ್ಕೂಟರ್ ಮಾತ್ರ ಬೇಡ, ಅದನ್ನು ತರಲು ಮತ್ತೆ ಬೇಲೆಕಾನ್‌ಗೇ ಹೋಗಬೇಕಾಗುತ್ತದೆ. ಕುಡಿಯುವ ನೀರನ್ನು ಇಬ್ಬರಿಗೂ ಸಾಕಾಗುವಷ್ಟು ಊರಿನಿಂದಲೇ ಹೊತ್ತೊಯ್ಯಿರಿ. ಓಂ ತೀರ ತಲುಪುವವರೆಗೆ ಅಂಗಡಿಯನ್ನು ನಂಬಿಕೊಳ್ಳುವುದು ಸರಿಯಲ್ಲ. ಮಳೆಗಾಲದಲ್ಲಿ ಈ ಉಪಾಯ ನಡೆಯುವುದಿಲ್ಲ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂಡೆಗಳು ಪಾಚಿಗಟ್ಟಿ ಜಾರುತ್ತವೆ, ಅಲೆಗಳು ದಾರಿಯವರೆಗೂ ನುಗ್ಗುತ್ತವೆ. ಜೊತೆಗಿರುವವರಿಗೆ ಮಂಡಿನೋವಿದ್ದರೂ ಬೇಡ. ಆಗ ರಸ್ತೆಯಿರುವ ಓಂ ತೀರದವರೆಗೆ ಆಟೋದಲ್ಲಿ ಹೋಗಿ, ಅಲ್ಲೇ ನೆಮ್ಮದಿಯಾಗಿ ದಿನ ಕಳೆಯಿರಿ.