ಎರಡು ಲೈನ್ ಇದ್ದರೂ ನೆಟ್ ನಿಲ್ಲುವುದೇಕೆ? ನಾನು ಹಾಕುವ ರೂಟ್‌ಗಳು

ಗೋಕುಲ ರಸ್ತೆ ಕಡೆಯ ಕಚೇರಿಗಳಲ್ಲಿ ಎರಡೆರಡು ಫೈಬರ್ ಲೈನ್ ಇರುತ್ತವೆ. ಆದರೂ ರಸ್ತೆ ಅಗೆಯುವಾಗ ಒಂದು ಕಡಿದರೆ ಇಡೀ ಕಚೇರಿಗೆ ನೆಟ್ ಇರುವುದಿಲ್ಲ. ಏಕೆಂದರೆ ರೌಟರ್ ಪಿಂಗ್ ಮಾಡುತ್ತಿರುವುದು (ಬದುಕಿದ್ದೀಯಾ ಎಂದು ಕೇಳುತ್ತಿರುವುದು) ಪಕ್ಕದಲ್ಲೇ ಕೂತ ಒಎನ್‌ಟಿಯನ್ನು, ಅಂದರೆ ಫೈಬರ್ ಬಂದು ಸೇರುವ ಡಬ್ಬಿಯನ್ನು. ಫೈಬರ್ ಕಡಿದರೂ ಡಬ್ಬಿಗೆ ಕರೆಂಟ್ ಇದೆ, ಅದು ಉತ್ತರ ಕೊಡುತ್ತಲೇ ಇರುತ್ತದೆ. ಹಾಗಾಗಿ ಲೈನ್ ಸರಿಯಿದೆ ಅಂದುಕೊಂಡು ರೌಟರ್ ಎರಡನೆಯದಕ್ಕೆ ಹೋಗುವುದೇ ಇಲ್ಲ.

ಮೈಕ್ರೊಟಿಕ್ ಕಂಪನಿಯ ರೌಟರ್‌ನಲ್ಲಿ, ಅದರ ಸಾಫ್ಟ್‌ವೇರ್ ರೌಟರ್‌ಒಎಸ್ 7 ಇದ್ದರೆ, ನಾನು ಮಾಡುವುದು ಹೀಗೆ. ಎರಡೂ ಡಬ್ಬಿಗಳ ವಿಳಾಸ ಸಾಮಾನ್ಯವಾಗಿ 192.168.1.1 ಆಗಿರುತ್ತದೆ, ಎರಡನೆಯದನ್ನು ಮೊದಲೇ 192.168.2.1ಕ್ಕೆ ಬದಲಿಸುತ್ತೇನೆ. ಡಬ್ಬಿಯಿಂದ ವಿಳಾಸ ಪಡೆಯುವ ಡಿಎಚ್‌ಸಿಪಿ ಕ್ಲೈಂಟ್ ಎರಡರಲ್ಲೂ 'ಆ್ಯಡ್ ಡೀಫಾಲ್ಟ್ ರೂಟ್' (ನೆಟ್‌ಗೆ ಹೋಗುವ ಮುಖ್ಯ ದಾರಿಯನ್ನು ತಾನೇ ಸೇರಿಸುವುದು) ಅನ್ನು 'ನೋ' ಮಾಡಬೇಕು. ಮರೆತರೆ ತಾನಾಗಿ ಬಂದ ರೂಟ್ ಕೂತು ಮುಂದಿನದೆಲ್ಲ ವ್ಯರ್ಥ.

ಆಮೇಲೆ ಹೊರಗಿನ ಎರಡು ಗೂಗಲ್ ಸರ್ವರ್‌ಗಳನ್ನು ಒಂದೊಂದು ಲೈನಿಗೆ ಕಟ್ಟುತ್ತೇನೆ (/32 ಅಂದರೆ ಆ ಒಂದೇ ವಿಳಾಸ, ಗೇಟ್‌ವೇ ಅಂದರೆ ಅಲ್ಲಿಗೆ ಹೋಗುವ ಬಾಗಿಲು): 8.8.8.8/32ಕ್ಕೆ 192.168.1.1 ಗೇಟ್‌ವೇ, 8.8.4.4/32ಕ್ಕೆ 192.168.2.1 ಗೇಟ್‌ವೇ, ಎರಡಕ್ಕೂ ಸ್ಕೋಪ್ (ಒಂದು ರೂಟ್ ಇನ್ನೊಂದಕ್ಕೆ ಆಧಾರವಾಗಬಹುದೇ ಎಂದು ಹೇಳುವ ಸಂಖ್ಯೆ) 10. ಇದರ ಮೇಲೆ ಎರಡು ಡೀಫಾಲ್ಟ್ ರೂಟ್: ಗೇಟ್‌ವೇ 8.8.8.8, ಡಿಸ್ಟೆನ್ಸ್ 1, ಗೇಟ್‌ವೇ 8.8.4.4, ಡಿಸ್ಟೆನ್ಸ್ 2 (ಚಿಕ್ಕ ಸಂಖ್ಯೆಗೇ ಮೊದಲ ಆದ್ಯತೆ). ಎರಡಕ್ಕೂ ಟಾರ್ಗೆಟ್ ಸ್ಕೋಪ್ 11 (7ರಲ್ಲಿ ಇದು ಮೇಲಿನ ಸ್ಕೋಪ್ 10ಕ್ಕಿಂತ ದೊಡ್ಡದಿರಬೇಕು), ಚೆಕ್ ಗೇಟ್‌ವೇ ಪಿಂಗ್. ಹಳೆಯ 6ರ ಆವೃತ್ತಿಯಲ್ಲಿ ಟಾರ್ಗೆಟ್ ಸ್ಕೋಪ್ 10 ಇದ್ದರೂ ನಡೆಯುತ್ತಿತ್ತು. ಅಲ್ಲಿಂದ ನಕಲು ಮಾಡಿ 7ರಲ್ಲಿ ಹಾಕಿದವರ ರೂಟ್ ಆ್ಯಕ್ಟಿವ್ ಆಗದಿರಲು ಇದೇ ಕಾರಣ.

ಈಗ ಪಿಂಗ್ ಡಬ್ಬಿಗಲ್ಲ, ಹೊರಗಿನ ಸರ್ವರ್‌ಗೆ 10 ಸೆಕೆಂಡಿಗೊಮ್ಮೆ ಹೋಗುತ್ತದೆ, ಸತತ ಎರಡು ತಪ್ಪಿದರೆ ರೂಟ್ ಬೀಳುತ್ತದೆ. ಅಂದರೆ ಸುಮಾರು 20 ಸೆಕೆಂಡ್. ಲೈನ್ 1 ಬಿದ್ದಿರುವಷ್ಟು ಹೊತ್ತು 8.8.8.8 ಕಚೇರಿಯಲ್ಲಿ ಯಾರಿಗೂ ಸಿಗದು, ಅದಕ್ಕೇ ಕಂಪ್ಯೂಟರ್‌ಗಳಿಗೆ ಅದನ್ನು ಡಿಎನ್‌ಎಸ್ (ವೆಬ್ ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) ಆಗಿ ಕೊಡಬೇಡಿ, ನಾನು 1.1.1.1 ಕೊಡುತ್ತೇನೆ.

ಬ್ರೌಸಿಂಗ್ ಬಂತೆಂದು ಇಲ್ಲಿಗೇ ನಿಲ್ಲಿಸಿದರೆ ನೆಟ್ ಮೂಲಕ ಕರೆ ಮಾಡುವ ಐಪಿ ಫೋನ್‌ಗಳು ಸತ್ತೇ ಇರುತ್ತವೆ. ಪೋರ್ಟ್ ಡೌನ್ ಆಗಿಲ್ಲವಾದ್ದರಿಂದ ಮಾಸ್ಕರೇಡ್ (ಒಳಗಿನ ವಿಳಾಸಗಳನ್ನು ಲೈನಿನ ವಿಳಾಸಕ್ಕೆ ಬದಲಿಸುವ ನಿಯಮ) ಹಳೆಯ ಕನೆಕ್ಷನ್‌ಗಳನ್ನು ಅಳಿಸುವುದಿಲ್ಲ. ಫೋನ್ ಮತ್ತೆ ಮತ್ತೆ ಪ್ಯಾಕೆಟ್ ಕಳಿಸುತ್ತದೆ, ಪ್ರತಿ ಸಲ ರೌಟರಿನಲ್ಲಿರುವ ಅದೇ ಹಳೆಯ ಯುಡಿಪಿ (ಫೋನ್ ಬಳಸುವ ಪ್ಯಾಕೆಟ್ ಬಗೆ) ನಮೂದಿನ ಆಯುಷ್ಯ ಬೆಳೆಯುತ್ತದೆ, ಹೊರಡುವುದು ಹಳೆಯ ಲೈನಿನ ವಿಳಾಸ ಹೊತ್ತು. ಅದಕ್ಕೆ ನೆಟ್‌ವಾಚ್‌ನಲ್ಲಿ (ಒಂದು ವಿಳಾಸ ಬಿದ್ದಾಗ, ಎದ್ದಾಗ ಸ್ಕ್ರಿಪ್ಟ್ ಓಡಿಸುವ ಸೌಲಭ್ಯ) 8.8.8.8 ಹಾಕಿ, ಡೌನ್ ಮತ್ತು ಅಪ್ ಎರಡೂ ಸ್ಕ್ರಿಪ್ಟ್‌ಗಳಲ್ಲಿ 30 ಸೆಕೆಂಡ್ ಕಾದು ಯುಡಿಪಿ ಕನೆಕ್ಷನ್‌ಗಳನ್ನು ತೆಗೆಯುವಂತೆ ಬರೆಯುತ್ತೇನೆ. ಕಾಯದಿದ್ದರೆ ರೂಟ್ ಬದಲಾಗುವ ಮುಂಚೆಯೇ ಫೋನ್ ಹಳೆಯ ದಾರಿಯಲ್ಲಿ ಮತ್ತೆ ನಮೂದು ಮಾಡಿಸಿಕೊಳ್ಳುತ್ತದೆ.

ಎರಡೂ ಫೈಬರ್ ಒಂದೇ ಕಂಬದ ಮೇಲೆ ಬಂದಿದ್ದರೆ ಇಷ್ಟೆಲ್ಲ ಮಾಡಿಯೂ ಉಪಯೋಗವಿಲ್ಲ. ಲೈನ್ ಎಳೆಸುವ ಮೊದಲೇ ಹೊರಗೆ ಹೋಗಿ ನೋಡಿ.

ಪರೀಕ್ಷೆಗೆ ರೌಟರಿನ ಕೇಬಲ್ ಕೀಳಬೇಡಿ, ಆಗ ಪೋರ್ಟ್ ಡೌನ್ ಆಗಿ ಎಲ್ಲವೂ ಸರಿಯಿದೆ ಅನ್ನಿಸುತ್ತದೆ. ಒಎನ್‌ಟಿ ಹಿಂದಿನ ಹಳದಿ ಫೈಬರ್ ವೈರ್ ಬಿಚ್ಚಿ, ಒಂದು ನಿಮಿಷ ಬಿಟ್ಟು, ಐಪಿ ಫೋನಿನಿಂದ ಕರೆ ಮಾಡಿ ನೋಡಿ. ಮತ್ತೆ ಸಿಕ್ಕಿಸಿ ಇನ್ನೊಮ್ಮೆ ಮಾಡಿ.