ಹಂಚಿನ ಮಾಡಿನ ಮೇಲೆ ಮೂರು ಕಿಲೋವ್ಯಾಟ್

"ಆಗುಂಬೆ ಪಕ್ಕ ಕೂತ್ಕೊಂಡು ಸೋಲಾರ್ ಹಾಕ್ತೀಯಲ್ಲ ಮಾರಾಯ, ಕೊಡೆ ಅಂಗಡಿ ಇಡು, ಲಾಭ ಜಾಸ್ತಿ" ಅಂದಿದ್ದರು ನಮ್ಮ ಭಾವ. ಹಂಚಿನ ಮಾಡಿಗೆ ಇದು ಆಗದ ಕೆಲಸ ಅಂತ ಪೇಟೆಯ ಗುತ್ತಿಗೆದಾರರೂ ಹೇಳಿದ್ದರು. ಅಂಗಳದಲ್ಲಿ ಕಬ್ಬಿಣದ ಕಂಬ ನಿಲ್ಲಿಸೋಣ ಅನ್ನೋದು ಅವರ ಸಲಹೆ. ಅದಕ್ಕೆ ಬೇರೆ 60-70 ಸಾವಿರ. ಅಂಗಳ ಕೊಟ್ಟುಬಿಟ್ಟರೆ ಅಡಿಕೆ ಒಣಗಿಸೋದು ಎಲ್ಲಿ?

ನಮ್ಮದು ತೀರ್ಥಹಳ್ಳಿ ಕಡೆಯ ಹಳೇ ಮನೆ. ಮಾಡು ಇಳಿಯುವುದು ಪೂರ್ವಕ್ಕೆ ಮತ್ತು ಪಶ್ಚಿಮಕ್ಕೆ. ದಕ್ಷಿಣಕ್ಕೆ ಮುಖ ಇಲ್ಲದಿದ್ದರೆ ದಂಡ ಅಂತ ಎಲ್ಲರದೂ ಒಂದೇ ರಾಗ. ಆದರೆ ನಾವಿರುವುದು 14 ಡಿಗ್ರಿ ಅಕ್ಷಾಂಶದ ಹತ್ತಿರ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೇ ಇರುತ್ತಾನೆ. ಮೋಡ ಕವಿದ ಮೇಲಂತೂ ಯಾವ ದಿಕ್ಕಾದರೇನು? 540 ವ್ಯಾಟಿನ ಆರು ಪ್ಯಾನೆಲ್, ಆ ಕಡೆ ಮೂರು, ಈ ಕಡೆ ಮೂರು. ಪ್ಯಾನೆಲ್ ಕರೆಂಟನ್ನು ಮನೆ ಕರೆಂಟ್ ಮಾಡಿ ಲೈನಿಗೂ ಕೊಡುವ ಇನ್ವರ್ಟರ್‌ಗೆ ಎರಡು ಎಂಪಿಪಿಟಿ (ಪ್ಯಾನೆಲ್ ಸಾಲಿನಿಂದ ಆದಷ್ಟೂ ಹೆಚ್ಚು ಕರೆಂಟ್ ಎಳೆಯುವ ಭಾಗ) ಇದ್ದರೆ ಒಳ್ಳೆಯದು, ಕಡೆಗೊಂದು. ಮೂರು ಪ್ಯಾನೆಲ್ ಸೇರಿದರೆ ಓಡುವಾಗ ಸಿಗೋದು 120 ವೋಲ್ಟ್ ಆಸುಪಾಸು, ಹಾಗಾಗಿ ಕಡಿಮೆ ವೋಲ್ಟಿಗೇ ಶುರುವಾಗುವಂಥದ್ದು ಹುಡುಕಿ.

ಮೊದಲು ಬಂದ ತಂಡ ಹಂಚಿಗೇ ತೂತು ಹೊಡೆದು ಸಿಲಿಕಾನ್ ಮೆತ್ತಿ ಹೋಯಿತು. ಆಷಾಢದ ಮಳೆಗೆ ಸಿಲಿಕಾನ್ ಸಿಪ್ಪೆ ಹಾಗೆ ಎದ್ದು ಬಂತು. ಅಟ್ಟದಲ್ಲಿದ್ದ ಚಾಲಿ ಅಡಿಕೆ (ಸಿಪ್ಪೆ ಸಮೇತ ಒಣಗಿಸಿದ ಹಣ್ಣಡಿಕೆ) ಮುಗ್ಗಲಾಯಿತು. ಹತ್ತಿರ ಹತ್ತಿರ 20 ಸಾವಿರ ನೀರಲ್ಲಿ ಹೋಯಿತು.

ಆಮೇಲೆ ಊರಿನ ಬಡಗಿ ಆಚಾರ್ರನ್ನು ಕರೆದುಕೊಂಡು ನಾನೇ ಮಾಡಿಗೆ ಹತ್ತಿದೆ. ಹಂಚು ತೆಗೆದು, ಹಂಚು ಕೂರುವ ತೆಳು ರೀಪಿಗಲ್ಲ, ಅದರಡಿಯ ದಪ್ಪ ಮರ ಪಕಾಸಿಗೇ ದಪ್ಪ ಪಟ್ಟಿಯ ಕೊಕ್ಕೆ ಬಿಗಿದೆವು. ಕೊಕ್ಕೆ ಹೊರಬರುವುದು ಎರಡು ಹಂಚು ಒಂದರ ಮೇಲೊಂದು ಕೂರುವ ಜಾಗದಲ್ಲಿ. ಮೇಲಿನ ಹಂಚಿನ ಅಡಿ ಅಂಚನ್ನು ಗ್ರೈಂಡರ್‌ನಲ್ಲಿ ಬೆರಳಗಲ ಕೊರೆದರೆ ಸಾಕು, ತೂತು ಬೇಡ. ಕೆಳಗೆ ಒಂದು ತಗಡು, ಅದರ ಸುತ್ತ ಒಂದು ಲೇಪ. ಲೇಪ ಯಾವುದು ಅಂತ ಮಾತ್ರ ಕೇಳಬೇಡಿ, ಆಚಾರ್ರ ಹೊಟ್ಟೆಪಾಡು ಅದು. ಬೋಲ್ಟೆಲ್ಲ ಸ್ಟೇನ್‌ಲೆಸ್. ಜಿಐ (ಸತು ಲೇಪಿಸಿದ ಕಬ್ಬಿಣದ) ಬೋಲ್ಟ್ ಒಂದೇ ಮಳೆಗಾಲಕ್ಕೆ ಕೆಂಪಾಗುತ್ತದೆ. ಎರಡು ಮಳೆಗಾಲ ಆಯಿತು, ಒಂದು ಹನಿ ಬಿದ್ದಿಲ್ಲ.

ಅರ್ಥಿಂಗ್ ಇನ್ನೊಂದು ತಲೆನೋವು. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ, ಒಣ ನೆಲಕ್ಕೆ ಕರೆಂಟ್ ಸರಿಯಾಗಿ ಇಳಿಯುವುದಿಲ್ಲ, ಗುಡುಗು ಸಿಡಿಲು ಜೋರಾಗುವುದೂ ಆಗಲೇ. ಗುಂಡಿಯನ್ನು ಬಚ್ಚಲ ನೀರು ಹೋಗುವ ಕಡೆ ತೋಡಿಸಿದೆ. ಕಳೆದ ಮೇ ತಿಂಗಳ ಸಿಡಿಲಿಗೆ ಎಸ್‌ಪಿಡಿ (ಸಿಡಿಲಿನ ಹೊಡೆತವನ್ನು ನೆಲಕ್ಕೆ ಇಳಿಸುವ ಸಾಧನ) ಸುಟ್ಟಿತು, ಇನ್ವರ್ಟರ್ ಉಳಿಯಿತು.

ಖರ್ಚು ಒಟ್ಟು ಎರಡೂಕಾಲು ಲಕ್ಷದ ಹತ್ತಿರ, ಹಾಳಾಗಿದ್ದೂ ಸೇರಿ. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ 78,000 ಬಂತು. ವೈರಿಂಗ್ ನೋಂದಾಯಿತ ವೆಂಡರ್ ಕೈಯಲ್ಲೇ ಮಾಡಿಸಬೇಕು, ಇಲ್ಲದಿದ್ದರೆ ಅದು ಸಿಗುವುದಿಲ್ಲ. ನಮ್ಮದು ಕೂಡು ಕುಟುಂಬ, ತಿಂಗಳಿಗೆ 300 ಯೂನಿಟ್ ದಾಟುತ್ತದೆ, ಗೃಹಜ್ಯೋತಿ ನಮಗಿಲ್ಲ. ಫೆಬ್ರವರಿ-ಮಾರ್ಚಲ್ಲಿ ದಿನಕ್ಕೆ 13-14 ಯೂನಿಟ್. ಜುಲೈಯಲ್ಲಿ ಮೂರ್ನಾಲ್ಕು, ಜಡಿಮಳೆ ದಿನ ಒಂದು ಬಂದರೆ ಪುಣ್ಯ. ಆದರೂ ವರ್ಷಕ್ಕೆ ಮೂರು ಸಾವಿರ ಯೂನಿಟ್ ಮೇಲೇ ಇದೆ. ಏಳೆಂಟು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್. ಭಾವ ಈಗ ಅವರ ಮಾಡಿನ ಅಳತೆ ಕಳಿಸಿದ್ದಾರೆ!

ಮೂಲೆಯಲ್ಲಿದ್ದ ಹಳೇ 100 ವ್ಯಾಟ್ ಪ್ಯಾನೆಲನ್ನೂ ಸುಮ್ನೆ ಬಿಡಲಿಲ್ಲ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮನೆಗೆ ಒಂದು ಡಿಸಿ ಫ್ಯಾನ್ ಸಿಕ್ಕಿಸಿ, ಬ್ಯಾಟರಿ ಇಲ್ಲದೆ ನೇರ ಕೊಟ್ಟೆ. ಬಿಸಿಲು ಏರಿದಷ್ಟೂ ಫ್ಯಾನ್ ಜೋರು, ಹಬೆ ಹೊರಗೆ. ಒಳಗೆ ಬೆವರುವುದು ನಿಂತು ಬೂಸಲು ಕಡಿಮೆಯಾಯಿತು.

ಉಳಿದಿರುವ ಕೊರತೆ ಒಂದೇ. ಲೈನಲ್ಲಿ ಕರೆಂಟ್ ಹೋದರೆ ನಮ್ಮ ಇನ್ವರ್ಟರೂ ನಿಲ್ಲುತ್ತದೆ. ಇಲ್ಲದಿದ್ದರೆ ನಮ್ಮ ಕರೆಂಟ್ ಲೈನಿಗೆ ಹೋಗುತ್ತದೆ, ರಿಪೇರಿಗೆ ಹತ್ತಿದ ಲೈನ್‌ಮನ್ ಜೀವದ ಪ್ರಶ್ನೆ, ಅದು ಹಾಗೇ ಇರಬೇಕು. ಮಳೆಗಾಲದಲ್ಲಿ ಮರ ಬಿದ್ದು ಎರಡೆರಡು ದಿನ ಕತ್ತಲೆ ನಮಗೆ ಹೊಸತಲ್ಲ. ಲೈನ್ ಇಲ್ಲದಾಗ ಬ್ಯಾಟರಿಯಿಂದ ಓಡುವ ಹೈಬ್ರಿಡ್ ಇನ್ವರ್ಟರ್, ಲಿಥಿಯಂ ಬ್ಯಾಟರಿ ಅಂದರೆ ಇನ್ನೂ ಒಂದು ಲಕ್ಷ ಮೇಲೆ. ಈ ಸಲದ ಅಡಿಕೆ ರೇಟು ನೋಡಿಕೊಂಡು ತೀರ್ಮಾನ ಮಾಡಬೇಕು.